ಕಟ್ಟಿದ್ದೆಲ್ಲ ಕಟ್ಟುಕಥೆಯೇ?

ಪ್ರಶ್ನೆ: ಸತ್ಯವೇದ (ಬೈಬಲ್) ಕೈಯಲ್ಲಿದೆ, ಕ್ರೈಸ್ತ ಸಭೆಯ ಬೋಧನೆಯೂ ಇದೆ. ಆದರೂ ‘ಕನ್‌ಸ್ಟ್ರಕ್ಟಿವ್ ಥಿಯಾಲಜಿ’ ಅಂತ ದೈವಶಾಸ್ತ್ರವನ್ನು ಹೊಸದಾಗಿ ಕಟ್ಟೋದು ಯಾಕೆ? ಮನುಷ್ಯರು ಕಟ್ಟಿದ್ದು ಅಂದ್ರೆ ಕಟ್ಟುಕಥೆ ಅಂತಲೇ ಅಲ್ವಾ?

ಉತ್ತರ: ಕಟ್ಟುಕಥೆಯನ್ನೂ ಕಟ್ಟುತ್ತೇವೆ, ನಿಜ. ಮನೆಯನ್ನೂ ಕಟ್ಟುತ್ತೇವೆ. ಮನೆ ಕಟ್ಟುವವರು ಕಲ್ಲನ್ನು ಹುಟ್ಟಿಸುವುದಿಲ್ಲ. ಸಿಕ್ಕ ಕಲ್ಲನ್ನು ಜೋಡಿಸುತ್ತಾರೆ, ಗೋಡೆ ನೆಟ್ಟಗಿದೆಯಾ ಅಂತ ದಾರಕ್ಕೆ ಗುಂಡು ಕಟ್ಟಿ ನೋಡುತ್ತಾರೆ. ಈ ದೈವಶಾಸ್ತ್ರದ ಕೆಲಸ ಎರಡನೆಯ ಬಗೆಯದು.

ಇದು ಹೊಸದೂ ಅಲ್ಲ. 325ರಲ್ಲಿ ನೈಸೀಯದಲ್ಲಿ, ಅಂದರೆ ಇವತ್ತಿನ ಟರ್ಕಿಯ ಇಜ್ನಿಕ್‌ನಲ್ಲಿ, ಬಿಷಪರು ಸೇರಿದ್ದರು. ಕ್ರಿಸ್ತನು ದೇವರ ಸೃಷ್ಟಿಯೋ, ಸ್ವತಃ ದೇವರೋ ಅನ್ನುವುದು ಅಲ್ಲಿನ ವಿವಾದ. ಎರಡೂ ಕಡೆಯವರ ಹತ್ತಿರ ಸತ್ಯವೇದದ ವಚನಗಳಿದ್ದವು. ಕೊನೆಗೆ ಅವರು ಹಿಡಿದದ್ದು ‘ಹೊಮೊಊಸಿಯೊಸ್’ ಅನ್ನುವ ಗ್ರೀಕ್ ಪದವನ್ನು. ತಂದೆಯಾದ ದೇವರಿಗೂ ಮಗನಾದ ಕ್ರಿಸ್ತನಿಗೂ ಇರುವುದು ಒಂದೇ ತತ್ವ ಅಂತ ಅದರ ಅರ್ಥ. ಈ ಪದ ಸತ್ಯವೇದದಲ್ಲಿ ಎಲ್ಲೂ ಇಲ್ಲ. ಅದಕ್ಕೇ ಎಷ್ಟೋ ಬಿಷಪರಿಗೆ ಕಸಿವಿಸಿಯಾಗಿತ್ತು. ಆದರೂ ನಂಬಿಕೆಯನ್ನು ಕಾಪಾಡೋಕೆ ಹೊಸ ಪದ ಬೇಕಾಯಿತು. ಇವತ್ತು ನೈಸೀಯ ವಿಶ್ವಾಸ ಪ್ರಮಾಣ ಹೇಳುವಾಗ ನಾವು ಹೇಳುವುದು ಅವರು ಕಟ್ಟಿಕೊಟ್ಟ ಮಾತನ್ನೇ.

ಹೊಸದೇನು ಅಂದರೆ, ‘ಹೌದು, ನಾವು ಕಟ್ಟುತ್ತಿದ್ದೇವೆ, ಅದಕ್ಕೆ ನಾವೇ ಜವಾಬ್ದಾರರು’ ಅಂತ ಬಾಯಿಬಿಟ್ಟು ಒಪ್ಪಿಕೊಂಡಿದ್ದು. ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದ ಗಾರ್ಡನ್ ಕಾಫ್‌ಮನ್ 1975ರಲ್ಲಿ ಒಂದು ಚಿಕ್ಕ ಪುಸ್ತಕದಲ್ಲಿ ಇದನ್ನು ನೇರವಾಗಿ ಬರೆದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಕೆಲವು ದೈವಶಾಸ್ತ್ರಜ್ಞರು ಗುಂಪಾಗಿ ಕೂತು ಕೆಲಸ ಶುರುಮಾಡಿದರು. ಪಾಪ, ರಕ್ಷಣೆ, ಸಭೆ ಇಂಥ ಒಂದೊಂದು ಬೋಧನೆಯೂ ಹೇಗೆ ಬೆಳೆಯಿತು, ಈಗ ಎಲ್ಲಿ ಬಿರುಕು ಬಿಟ್ಟಿದೆ ಅಂತ ಚರ್ಚಿಸಿ 1982ರಲ್ಲಿ ಒಟ್ಟಾಗಿ ಪುಸ್ತಕ ತಂದರು. ಒಬ್ಬರೇ ಕೂತು ಎಲ್ಲಕ್ಕೂ ಉತ್ತರ ಬರೆಯುವ ಹಳೆಯ ರೂಢಿಯನ್ನು ಅವರು ಬೇಕಂತಲೇ ಬಿಟ್ಟರು.

ಗುಂಡು ಕಟ್ಟಿ ನೋಡೋದು ಹೇಗೆ? ಸತ್ಯವೇದ, ಸಭೆಯ ಪರಂಪರೆ, ಇವತ್ತಿನ ಜ್ಞಾನ, ಜನರ ಅನುಭವ ಇವಿಷ್ಟನ್ನೂ ಪಕ್ಕಪಕ್ಕ ಇಡುತ್ತಾರೆ. ಆಮೇಲೆ ಕೇಳುತ್ತಾರೆ: ದೇವರ ಬಗ್ಗೆ ನಾವು ಆಡುವ ಈ ಮಾತು ಯಾರಿಗೆ ಜೀವ ಕೊಟ್ಟಿದೆ, ಯಾರನ್ನು ತುಳಿದಿದೆ? ಪರಮಾಣು ಬಾಂಬಿನ ವಿಷಯ ನೋಡಿ. ಎಲ್ಲವನ್ನೂ ನಡೆಸುವ ರಾಜನಂತೆ ಮಾತ್ರ ದೇವರನ್ನು ಕಂಡರೆ, ‘ಲೋಕ ನಾಶವಾಗೋಕೆ ಅವನು ಬಿಡಲ್ಲ’ ಅಂತ ನಾವು ಸುಮ್ನೆ ಕೂರಬಹುದು ಅನ್ನುವುದು ಕಾಫ್‌ಮನ್ ಅವರ ಆತಂಕ. ಅಮೆರಿಕದ ದೈವಶಾಸ್ತ್ರಜ್ಞೆ ಸ್ಯಾಲಿ ಮೆಕ್‌ಫೇಗ್ 1987ರಲ್ಲಿ ಇನ್ನೂ ಮುಂದೆ ಹೋದರು. ‘ತಂದೆ’ ಅನ್ನುವುದೂ ಒಂದು ರೂಪಕ, ಹೇಳಿ ಹೇಳಿ ರೂಪಕ ಅನ್ನೋದೇ ಮರೆತುಹೋಗಿದೆ ಅಂದರು. ದೇವರನ್ನು ತಾಯಿ, ಪ್ರಿಯ, ಗೆಳೆಯ ಅಂತ, ಲೋಕವನ್ನು ದೇವರ ದೇಹ ಅಂತ ಯೋಚಿಸಿ ನೋಡಿದರು. ದೇವರನ್ನು ತಾಯಿ ಅನ್ನುವ ಮಾತು ಹೊರಗಿನಿಂದ ತಂದದ್ದಲ್ಲ. ತಾಯಿ ಮಗುವನ್ನು ಸಂತೈಸುವ ಹಾಗೆ ಸಂತೈಸುತ್ತೇನೆ ಅಂತ ಸತ್ಯವೇದದ ಯೆಶಾಯ 66:13ರಲ್ಲಿ ದೇವರೇ ಹೇಳುತ್ತಾನೆ.

ನನಗೆ ಕಾಫ್‌ಮನ್ ಅವರ ಎಲ್ಲ ಮಾತೂ ಒಪ್ಪಿಗೆಯಿಲ್ಲ. ದೇವರ ಕಲ್ಪನೆ ನಮ್ಮದು ಅನ್ನುವುದಕ್ಕೆ ಅವರು ಕೊಡುವಷ್ಟು ತೂಕವನ್ನು, ದೇವರೇ ತನ್ನನ್ನು ತೋರಿಸಿಕೊಳ್ಳುತ್ತಾನೆ ಅನ್ನುವ ನಂಬಿಕೆಗೆ ಕೊಡುವುದಿಲ್ಲ. ನಾನು ಈ ವಿಷಯವನ್ನು ಬಿಡದೆ ಓದೋಕೆ ಕಾರಣ ಬೇರೆಯೇ, ಅದು ನಮ್ಮ ಬೆಂಗಳೂರಿನದು.

1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಒಂದು ಉಪನ್ಯಾಸ ಕೊಟ್ಟರು. ಭಾರತದ ಕ್ರೈಸ್ತ ದೈವಶಾಸ್ತ್ರ ಬ್ರಾಹ್ಮಣ ಪರಂಪರೆಯ ಕಡೆಗೇ ನೋಡುತ್ತಾ ಬಂದಿದೆ, ಸಭೆಯಲ್ಲಿ ಜಾಸ್ತಿ ಇರುವ ದಲಿತರ ಬದುಕನ್ನು ನೋಡಿಲ್ಲ ಅನ್ನುವುದು ಅವರ ತಕರಾರು. ದಲಿತ ದೈವಶಾಸ್ತ್ರ ಬೆಳೆದದ್ದು ಅಲ್ಲಿಂದ. ಮುಂದೆ ಒಂದು ಪ್ರಬಂಧದಲ್ಲಿ ಅವರು ಸತ್ಯವೇದದ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಎತ್ತಿಕೊಂಡರು. ಮೊದಲ ಬೆಳೆಯ ಪುಟ್ಟಿ ತಂದ ರೈತ ದೇವರ ಮುಂದೆ ತನ್ನ ಪೂರ್ವಿಕನನ್ನು ನೆನೆಯುತ್ತಾನೆ: ಅವನು ಊರೂರು ಅಲೆಯುತ್ತಿದ್ದ ಅರಾಮ್ಯ. ನಿರ್ಮಲ್ ತಮ್ಮ ದಲಿತ ಪೂರ್ವಿಕನನ್ನು ನೆನೆದರು. ಆತನಿಗೆ ಅಲೆಯುವ ಸ್ವಾತಂತ್ರ್ಯವೂ ಇರಲಿಲ್ಲ. ಊರ ದಾರಿಯಲ್ಲಿ ನಡೆಯುವಾಗ ಹೆಜ್ಜೆ ಗುರುತು ಉಳಿಯಬಾರದು ಅಂತ ಅವನ ಸೊಂಟಕ್ಕೆ ಮರದ ಕೊಂಬೆ ಕಟ್ಟಿದ್ದರು.

ಅಧ್ಯಾಯದ ಒಂದಕ್ಷರವನ್ನೂ ನಿರ್ಮಲ್ ಬದಲಿಸಲಿಲ್ಲ. ಪೂರ್ವಿಕರ ಸಂಕಟವನ್ನು ದೇವರ ಮುಂದೆ ಹೇಳುವ ಆ ರೀತಿಯನ್ನು ಹಿಡಿದು, ತಮ್ಮವರ ಸಂಕಟವನ್ನು ಹೇಳಿದರು. 5ರಿಂದ 10ನೇ ವಚನದವರೆಗೆ ಒಮ್ಮೆ ತೆಗೆದು, ನಿಮ್ಮ ಅಜ್ಜ ಅಜ್ಜಿಯರನ್ನು ನೆನೆಯುತ್ತಾ ಓದಿ ನೋಡಿ.