ಶಾಕ್ ಹೃದಯದ ಗೋಡೆಯ ಒಳಗೆ ಮುಟ್ಟುವುದು ಹೇಗೆ? ಬೈಡೊಮೈನ್ ಮಾದರಿಯ ಟಿಪ್ಪಣಿ

1947ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಸರ್ಜನ್ ಕ್ಲಾಡ್ ಬೆಕ್ ಫಿಬ್ರಿಲೇಶನ್‌ಗೆ (ಹೃದಯ ಲಯ ತಪ್ಪಿ ಸುಮ್ಮನೆ ಅದುರುವ ಸ್ಥಿತಿ) ಸಿಕ್ಕಿದ 14 ವರ್ಷದ ಹುಡುಗನೊಬ್ಬನ ಹೃದಯಕ್ಕೆ ನೇರವಾಗಿ ಶಾಕ್ ಕೊಟ್ಟು ಉಳಿಸಿದರು. ಚಿಕಿತ್ಸೆ ಫಲಿಸಿತು. ಅದು ಯಾಕೆ ಫಲಿಸಿತು ಅನ್ನೋದು ತಿಳಿಯಲು ಮಾತ್ರ ದಶಕಗಳೇ ಬೇಕಾದವು.

ತೊಡಕು ಎಲ್ಲಿದೆ ನೋಡಿ. ಹೃದಯದ ಸ್ನಾಯುವನ್ನು ಸುಮ್ನೆ ಒಂದು ಕೇಬಲ್ ಅಂದುಕೊಂಡು ಲೆಕ್ಕ ಹಾಕಿದರೆ, ಹೊರಗಿನ ಶಾಕ್ ತುದಿಗಳಲ್ಲಿ ಮಾತ್ರ ಕೋಶದ ಪೊರೆಯ ವೋಲ್ಟೇಜ್ ಬದಲಿಸುತ್ತದೆ. ಸುಮಾರು ಒಂದು ಮಿಲಿಮೀಟರ್ ಒಳಗೆ ಹೋಗುವಷ್ಟರಲ್ಲಿ ಅದರ ಪ್ರಭಾವ ಕುಗ್ಗಿಬಿಡುತ್ತದೆ. ಎಡ ಹೃತ್ಕುಕ್ಷಿಯ ಗೋಡೆಯೋ ಒಂದು ಸೆಂಟಿಮೀಟರ್ ಆಸುಪಾಸು ದಪ್ಪ. ಹಾಗಾದರೆ ನಡುವಿನ ಕೋಶಗಳಿಗೆ ಶಾಕ್ ತಟ್ಟಲೇಬಾರದು, ಅಲ್ವಾ?

ಬೈಡೊಮೈನ್ ಮಾದರಿ ಇಲ್ಲಿ ಕೈಹಿಡಿಯುತ್ತದೆ. ಹೃದಯ ಸ್ನಾಯುವಿನ ಈ ಗಣಿತ ಮಾದರಿಯಲ್ಲಿ ಪ್ರತಿ ಬಿಂದುವಿಗೂ ಎರಡು ವೋಲ್ಟೇಜ್: ಕೋಶದ ಒಳಗಿನದು, ಹೊರಗಿನದು. ಎರಡರ ವ್ಯತ್ಯಾಸವೇ ಪೊರೆಯ ವೋಲ್ಟೇಜ್. ಕರೆಂಟ್ ಸ್ನಾಯುವಿನ ಎಳೆಯ ಉದ್ದಕ್ಕೆ ಸಲೀಸಾಗಿ ಹರಿಯುತ್ತದೆ, ಅಡ್ಡಕ್ಕೆ ಕಷ್ಟ. ಈ ಉದ್ದ-ಅಡ್ಡದ ಅನುಪಾತ ಕೋಶದ ಒಳಗೆ ಸುಮಾರು 10:1. ಹೊರಗೆ ಅದಕ್ಕಿಂತ ತುಂಬಾ ಕಡಿಮೆ. ಇಡೀ ವಿಷಯದ ಕೀಲಿ ಇದೇ. ಅನುಪಾತ ಬೇರೆ ಬೇರೆ ಆದ್ದರಿಂದ, ಎಳೆಗಳು ತಿರುಗುವ ಕಡೆಯೆಲ್ಲ ಕರೆಂಟ್ ಪೊರೆ ದಾಟಿ ಒಳಕ್ಕೋ ಹೊರಕ್ಕೋ ಹೋಗಲೇಬೇಕು. ಎಲೆಕ್ಟ್ರೋಡ್‌ನಿಂದ ದೂರದಲ್ಲೂ ವೋಲ್ಟೇಜ್ ಏರಿದ, ಇಳಿದ ಜಾಗಗಳು ಹುಟ್ಟುತ್ತವೆ. ಇವೇ ವರ್ಚುವಲ್ ಎಲೆಕ್ಟ್ರೋಡ್‌ಗಳು.

1989ರಲ್ಲಿ ಸೆಪುಲ್ವೇಡ, ರಾತ್, ವಿಕ್ಸ್ವೊ ಎಂಬ ಸಂಶೋಧಕರು ಒಂದೇ ಒಂದು ಋಣ ಎಲೆಕ್ಟ್ರೋಡ್ ಇಟ್ಟು ಲೆಕ್ಕ ಮಾಡಿದರು. ವೋಲ್ಟೇಜ್ ಏರಿದ ಭಾಗ ನಾಯಿ ಕಚ್ಚುವ ಮೂಳೆಯ ಆಕಾರದಲ್ಲಿ, ಎಳೆಗಳಿಗೆ ಅಡ್ಡಲಾಗಿ ಬಂತು. ಅದರ ಎರಡೂ ಪಕ್ಕದಲ್ಲಿ, ಎಳೆಯ ದಿಕ್ಕಿನಲ್ಲಿ, ವೋಲ್ಟೇಜ್ ಇಳಿದಿತ್ತು. 1995ರ ಹೊತ್ತಿಗೆ ವೋಲ್ಟೇಜ್‌ಗೆ ತಕ್ಕಂತೆ ಹೊಳಪು ಬದಲಿಸುವ ಬಣ್ಣದ ಅಣುಗಳನ್ನು ಬಳಸುವ ಆಪ್ಟಿಕಲ್ ಮ್ಯಾಪಿಂಗ್‌ನಲ್ಲಿ ಇದು ಕಣ್ಣಿಗೇ ಕಂಡಿತು. ಲೆಕ್ಕ ಮೊದಲು, ಪ್ರಯೋಗ ಆಮೇಲೆ! ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಶಾಕ್ ಕೆಲವೊಮ್ಮೆ ಸೋಲುವುದಕ್ಕೂ ಇದರಲ್ಲೇ ಸುಳಿವಿದೆ. ಏರಿದ ಜಾಗದಿಂದ ಪಕ್ಕದ ಇಳಿದ ಜಾಗಕ್ಕೆ ಹೊಸ ಅಲೆ ನುಗ್ಗುತ್ತದೆ. ಅದು ಸುರುಳಿ ಸುತ್ತಿಕೊಂಡರೆ ಫಿಬ್ರಿಲೇಶನ್ ಮತ್ತೆ ಶುರು. ಬೈಫೇಸಿಕ್ ಶಾಕ್‌ನ (ನಡುವೆ ಕರೆಂಟ್‌ನ ದಿಕ್ಕು ತಿರುಗಿಸುವ ಶಾಕ್) ಎರಡನೇ ಹಂತ ಈ ಏರಿಳಿತವನ್ನು ಬಹುಮಟ್ಟಿಗೆ ಅಳಿಸುತ್ತದೆ. ಬೈಫೇಸಿಕ್ ಶಾಕ್‌ಗೆ ಕಡಿಮೆ ಶಕ್ತಿ ಸಾಕಾಗಲು ಇದೊಂದು ಕಾರಣ.

ನೀವೇ ಸಿಮ್ಯುಲೇಶನ್ ಮಾಡುವುದಾದರೆ ಎರಡು ಮಾತು. ಬೈಡೊಮೈನ್ ಲೆಕ್ಕ ದುಬಾರಿ. ಹಾಗಾಗಿ ಶಾಕ್ ಹೊತ್ತಿಗೆ ಮಾತ್ರ ಅದನ್ನು ಬಳಸಿ, ಆಮೇಲೆ ಪೊರೆಯ ವೋಲ್ಟೇಜ್ ಒಂದನ್ನೇ ಲೆಕ್ಕ ಹಾಕುವ ಸರಳ ಮಾದರಿ ಮೊನೊಡೊಮೈನ್‌ಗೆ ಬದಲಾಯಿಸುವ ರೂಢಿಯಿದೆ. ಪೊರೆ ದಾಟುವ ಅಯಾನುಗಳ ಕರೆಂಟನ್ನು ಲೆಕ್ಕ ಹಾಕುವ ಮಾಮೂಲಿ ಅಯಾನು ಮಾದರಿಯನ್ನು ಹಾಗೇ ಹಾಕಬೇಡಿ: ಶಾಕ್ ಪೊರೆಯ ವೋಲ್ಟೇಜನ್ನು ಎಂದಿನ ಮಿತಿಯಿಂದ ಬಹಳ ಆಚೆ ತಳ್ಳುತ್ತದೆ. ಆದ್ದರಿಂದ ಪೊರೆಯಲ್ಲಿ ತೂತು ಬೀಳುವ ಎಲೆಕ್ಟ್ರೊಪೊರೇಶನ್ ಕರೆಂಟನ್ನೂ ಸೇರಿಸಬೇಕು.