ಚೆಕ್ ಕಲಿಯಲು ಬರುವವರಿಗೆ: ಏಳು ವಿಭಕ್ತಿಗಳಿಗಿಂತ ಕಷ್ಟವಾದದ್ದು

ಪ್ರಾಗ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಚೆಕ್ ಭಾಷೆ ಮತ್ತು ಸಾಹಿತ್ಯವನ್ನು ಪರಿಚಯಿಸುವ ತರಗತಿ ತೆಗೆದುಕೊಳ್ಳುವ ನನಗೆ ಮೊದಲ ದಿನ ತಪ್ಪದೆ ಎದುರಾಗುವುದು ಏಳು ವಿಭಕ್ತಿಗಳ ಪ್ರಶ್ನೆ. ಇಂಗ್ಲಿಷಿನಿಂದ ಬಂದವರು ಆ ಕೋಷ್ಟಕವನ್ನು ಕಂಡೇ ಅರ್ಧ ಸೋತಿರುತ್ತಾರೆ. ಕನ್ನಡದವರಿಗೆ ಅಷ್ಟು ಗಾಬರಿ ಬೇಕಿಲ್ಲ. ಲತಾ ಎಂಬ ಹುಡುಗಿ ತರಗತಿಗೆ ಬಂದಳೆನ್ನಿ. ಅವಳನ್ನು ಕರೆಯುವಾಗ ‘ಲತೋ’, ಅವಳನ್ನು ನೋಡಿದರೆ ‘ಲತು’, ಅವಳಿಗೆ ಏನಾದರೂ ಕೊಟ್ಟರೆ ‘ಲತ್ಯೆ’, ಅವಳ ಜೊತೆ ಹೊರಟರೆ ‘ಸ್ ಲತೋವು’. ಸಂಬೋಧನೆಗೂ ಬೇರೆಯೇ ರೂಪವನ್ನು ಉಳಿಸಿಕೊಂಡಿರುವ ಈ ಪದ್ಧತಿ ನಮಗೆ ಹೊಸದಲ್ಲ. ತೊಡಕು ಇನ್ನೊಂದು ಕಡೆ ಇದೆ: ಕನ್ನಡದ ಪ್ರತ್ಯಯವನ್ನು ಬಿಡಿಸಿ ತೋರಿಸಬಹುದು, ಆದರೆ ಚೆಕ್‌ನಲ್ಲಿ ಕೊನೆಯ ಒಂದು ಸ್ವರವೇ ಲಿಂಗ, ವಚನ, ವಿಭಕ್ತಿ ಮೂರನ್ನೂ ಹೊತ್ತಿರುತ್ತದೆ, ಜೊತೆಯ ವಿಶೇಷಣವೂ ಅದರಂತೆಯೇ ಬದಲಾಗಬೇಕು.

ಉಚ್ಚಾರದಲ್ಲಿಯೂ ನಮಗೆ ಒಂದು ಅನುಕೂಲವಿದೆ. ‘ಬಿತ್’ ಎಂದರೆ ವಾಸದ ಮನೆ, ‘ಬೀತ್’ ಎಂದರೆ ‘ಇರು’ ಎಂಬ ಕ್ರಿಯಾಪದ; ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುವುದನ್ನು ಕನ್ನಡದ ಕಿವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆಯೇ ಬೀಳುತ್ತದೆ, ದೀರ್ಘ ಎಲ್ಲಿಯೇ ಇರಲಿ. ಆಸ್ಪತ್ರೆಯ ಕಾಯುವ ಕೋಣೆಗೆ ‘ಚೆಕಾರ್ನ’ ಎನ್ನುತ್ತಾರೆ. ಎಳೆಯಬೇಕಾದದ್ದು ‘ಕಾ’, ಒತ್ತಬೇಕಾದದ್ದು ‘ಚೆ’.

ನಿಜವಾಗಿ ಬೆವರಿಳಿಸುವುದು ಕ್ರಿಯಾಪದಗಳ ಜೋಡಿ. ‘ಪ್ಸಾತ್’ ಮತ್ತು ‘ನಪ್ಸತ್’ ಎರಡಕ್ಕೂ ನಿಘಂಟು ‘ಬರೆ’ ಎಂದೇ ಅರ್ಥ ಕೊಡುತ್ತದೆ. ಮೊದಲನೆಯದು ನಡೆಯುತ್ತಿರುವ ಕೆಲಸ, ಎರಡನೆಯದು ಮುಗಿಯುವ ಕೆಲಸ. ‘ಪೀಶು’ ಎಂದರೆ ಬರೆಯುತ್ತಿದ್ದೇನೆ. ‘ನಪೀಶು’ ನೋಡಲು ವರ್ತಮಾನದಂತಿದ್ದರೂ ಬರೆದುಬಿಡುತ್ತೇನೆ ಎಂಬ ಭವಿಷ್ಯ. ಆದ್ದರಿಂದ ‘ಬರೆ’ ಮತ್ತು ‘ಬರೆದುಬಿಡು’ಗಳ ನಡುವಿನ ವ್ಯತ್ಯಾಸವನ್ನು ನೆನೆದುಕೊಂಡು ಎರಡನ್ನೂ ಒಟ್ಟಿಗೇ ಬಾಯಿಪಾಠ ಮಾಡಿರೆಂದು ಹೇಳುತ್ತೇನೆ.

ಇಷ್ಟೆಲ್ಲ ಕಲಿತ ವಿದ್ಯಾರ್ಥಿ ಬೀದಿಗಿಳಿದರೆ ಪುಸ್ತಕದ ‘ದೊಬ್ರೀ’ (ಒಳ್ಳೆಯ) ಅಲ್ಲಿ ‘ದೊಬ್ರೆಯ್’ ಆಗಿರುತ್ತದೆ, ‘ಒಕ್ನೊ’ (ಕಿಟಕಿ) ‘ವೊಕ್ನೊ’ ಆಗಿರುತ್ತದೆ. ಇದು ಅಶಿಕ್ಷಿತರ ಮಾತಲ್ಲ. ಚೆಕ್ ದೇಶದ ಪಶ್ಚಿಮ ಭಾಗವಾದ ಬೊಹೀಮಿಯದಲ್ಲಿ ಪ್ರಾಧ್ಯಾಪಕರೂ ಮನೆಯಲ್ಲಿ ಹೀಗೆಯೇ ಆಡುತ್ತಾರೆ. ಕಾರಣ ಇತಿಹಾಸದಲ್ಲಿದೆ. 1620ರ ಬಿಳಿಬೆಟ್ಟದ ಕದನದಲ್ಲಿ ಬೊಹೀಮಿಯದ ದಂಗೆಕೋರ ಶ್ರೀಮಂತರು ಸೋತ ಮೇಲೆ ಆಡಳಿತ ಮತ್ತು ವಿದ್ಯೆಯಲ್ಲಿ ಕ್ರಮೇಣ ಜರ್ಮನ್ನಿನದೇ ಮೇಲುಗೈಯಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭಾಷೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟ ವಿದ್ವಾಂಸರು ಮಾದರಿಗಾಗಿ ನೋಡಿದ್ದು ಹದಿನಾರನೆಯ ಶತಮಾನದ ಉತ್ತರಾರ್ಧದ ಕ್ರಲಿತ್ಸೆ ಬೈಬಲ್ ಎಂಬ ಚೆಕ್ ಅನುವಾದದ ಕಾಲದ ಗದ್ಯವನ್ನು. ಯೋಸೆಫ್ ದೊಬ್ರೊವ್ಸ್ಕಿ 1809ರಲ್ಲಿ ಹೊರತಂದ ವ್ಯಾಕರಣ ಆ ಹಳೆಯ ಭಾಷೆಯನ್ನೇ ಆಧರಿಸಿತ್ತು. ಅದನ್ನು ಅವನು ಬರೆದದ್ದೂ ಜರ್ಮನ್ನಿನಲ್ಲಿ! ಅಷ್ಟರೊಳಗೆ ಜನರ ಬಾಯಲ್ಲಿ ಭಾಷೆ ಎಷ್ಟೋ ಮುಂದೆ ಹೋಗಿತ್ತು.

ಸಾಹಿತ್ಯವನ್ನು ಯಾವ ಕ್ರಮದಲ್ಲಿ ಓದಿಸಬೇಕೆಂಬುದನ್ನು ಈ ಅಂತರವೇ ತೀರ್ಮಾನಿಸಬೇಕೆಂಬುದು ನನ್ನ ಅಭಿಪ್ರಾಯ. ನಾನು ಕಾರೆಲ್ ಚಾಪೆಕ್‌ನ ಸಣ್ಣ ಕಥೆಗಳಿಂದ ಆರಂಭಿಸುತ್ತೇನೆ. ಅವನ ವಾಕ್ಯ ಶುದ್ಧವಾಗಿಯೂ ಇರುತ್ತದೆ, ಎದುರಿಗೆ ಕುಳಿತು ಮಾತನಾಡಿದ ಹಾಗೂ ಇರುತ್ತದೆ. ‘ರೋಬೋಟ್’ ಎಂಬ ಪದ ಜಗತ್ತಿಗೆ ಸಿಕ್ಕಿದ್ದು ಅವನ 1920ರ ನಾಟಕದಿಂದ. ಪದವನ್ನು ಸೂಚಿಸಿದವನು ಅಣ್ಣ ಯೋಸೆಫ್, ಅದರ ಮೂಲ ‘ರೊಬೊತ’, ಅಂದರೆ ಜಮೀನ್ದಾರನಿಗೆ ಮಾಡುವ ಬಿಟ್ಟಿ ಚಾಕರಿ. ಯಾರೋಸ್ಲಾವ್ ಹಾಶೆಕ್‌ನ ಸೈನಿಕ ಶ್ವೇಯ್ಕ್‌ನ ಕಥೆ ಎರಡನೆಯ ವರ್ಷಕ್ಕೆ: ಅಲ್ಲಿ ನಿರೂಪಕ ಗ್ರಾಂಥಿಕವಾಗಿ ಬರೆಯುತ್ತಾನೆ, ಸೈನಿಕರು ಬೀದಿಯ ಚೆಕ್ ಆಡುತ್ತಾರೆ, ಎರಡೂ ಒಂದೇ ಪುಟದಲ್ಲಿ ಸಿಗುತ್ತವೆ. ಕಾಫ್ಕಾನನ್ನು ಕೇಳಿಕೊಂಡು ಬರುವವರಿಗೆ ಮಾತ್ರ ನಿರಾಶೆ, ಏಕೆಂದರೆ ಅವನು ಪ್ರಾಗ್‌ನವನೇ ಆದರೂ ಬರೆದದ್ದು ಜರ್ಮನ್ನಿನಲ್ಲಿ.

ಬೊಝೆನಾ ನ್ಯೆಮ್ತ್ಸೊವಾ 1855ರಲ್ಲಿ ಪ್ರಕಟಿಸಿದ ‘ಬಾಬಿಚ್ಕ’ (ಅಜ್ಜಿ) ಕಾದಂಬರಿಯನ್ನು ಆರಂಭದಲ್ಲಿಯೇ ಕೈಗಿಡುವ ವಾಡಿಕೆಯನ್ನು ನಾನು ಒಪ್ಪುವುದಿಲ್ಲ. ಹಳೆಯ ಮನೆವಾರ್ತೆಯ ಪದಗಳ ಜೊತೆಗೆ ಇಂದಿನ ಮಾತಿನಿಂದ ಹೆಚ್ಚುಕಡಿಮೆ ಕಣ್ಮರೆಯಾಗಿರುವ ‘ಪ್ರ್ಝೆಖೊದ್ನೀಕ್’ ಎಂಬ ಕ್ರಿಯಾರೂಪಗಳು ಅದರಲ್ಲಿ ಬರುತ್ತವೆ. ಒಬ್ಬನೇ ಕರ್ತೃ ಒಂದು ಕೆಲಸ ಮಾಡುತ್ತಲೋ ಮಾಡಿಯೋ ಇನ್ನೊಂದನ್ನು ಮಾಡಿದನೆಂದು ಹೇಳುವ ಈ ರೂಪಗಳನ್ನು ಚೆಕ್ ಮಕ್ಕಳೇ ಶಾಲೆಯಲ್ಲಿ ಕಷ್ಟಪಟ್ಟು ಕಲಿಯುತ್ತಾರೆ. ನಮ್ಮ ‘ಬಂದು’, ‘ಕುಳಿತು’, ‘ನಗುತ್ತ’ಗಳ ಕೆಲಸವನ್ನೇ ಅವು ಮಾಡುವುದರಿಂದ ಕನ್ನಡದ ವಿದ್ಯಾರ್ಥಿಗೆ ಅರ್ಥ ಕೂಡಲೇ ಹಿಡಿತಕ್ಕೆ ಬರುತ್ತದೆ, ಕರ್ತೃವಿನ ಲಿಂಗ, ವಚನಕ್ಕೆ ತಕ್ಕಂತೆ ಅವು ರೂಪ ಬದಲಿಸುವುದನ್ನಷ್ಟೇ ಬೇರೆಯಾಗಿ ಕಲಿಯಬೇಕು.