ಬ್ಯಾಕ್ ಕವರ್ ಬಿಚ್ಚಿದಾಗ ಕಂಡದ್ದು

ಹೋದ ತಿಂಗಳು ಒಂದು ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬ ತಾಯಿ ಬಂದರು. ಚೀಲದಿಂದ ಕೆಂಪು ವೆಲ್ವೆಟ್ ಡಬ್ಬಿ ತೆಗೆದು ಕೌಂಟರ್ ಮೇಲಿಟ್ಟರು. ಒಳಗೆ ಜೋಡಿ ವಾಚು. ಮಗಳ ನಿಶ್ಚಿತಾರ್ಥಕ್ಕೆ ಅಂತ ಟಿವಿಯಲ್ಲಿ ನೋಡಿ, ಫೋನ್ ಮಾಡಿ ತರಿಸಿದ್ದು. ಹುಡುಗನ ವಾಚು 15 ದಿನಕ್ಕೇ ನಿಂತುಹೋಗಿದೆ.

"ಸೆಲ್ ಹಾಕಿಕೊಡಣ್ಣ, ಸಾಕು. ಜಪಾನ್ ಮಶೀನಂತೆ. 22 ಕ್ಯಾರೆಟ್ ಚಿನ್ನದ ಕೋಟಿಂಗು. ಹುಷಾರಾಗಿ ಬಿಚ್ಚು" ಅಂದರು.

ನಾನು ತುಮಕೂರಿನಲ್ಲಿ ವಾಚ್ ರಿಪೇರಿ ಮಾಡಲು ಶುರು ಮಾಡಿ 28 ವರ್ಷವಾಯಿತು. ನನಗೆ ಕೆಲಸ ಕಲಿಸಿದವರು ಇಲ್ಲಿನ ಎಚ್‌ಎಂಟಿ ಕಾರ್ಖಾನೆಯಲ್ಲಿದ್ದವರು. ಯಾವ ವಾಚು ಬಂದರೂ ಮೊದಲು ಬೆನ್ನು ಬಿಚ್ಚು, ಆಮೇಲೆ ಮಾತಾಡು ಅನ್ನುತ್ತಿದ್ದರು. ಟಿವಿಯಲ್ಲಿ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಾರೆ, ಬೆನ್ನು ಬಿಚ್ಚುವುದೇ ಇಲ್ಲ.

ಆ ತಾಯಿಯ ಎದುರಿಗೇ ಬಿಚ್ಚಿದೆ. ಹೊರಗಿನ ಕೇಸು ಅಗಲವಾಗಿ, ಗಂಡಸಿನ ಮಣಿಕಟ್ಟು ತುಂಬುವ ಹಾಗಿದೆ. ಒಳಗಿನ ಮಶೀನು ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಸುತ್ತ ಉಳಿದ ಜಾಗಕ್ಕೆಲ್ಲ ಬಿಳಿ ಪ್ಲಾಸ್ಟಿಕ್ ರಿಂಗು. ಪ್ಲಾಸ್ಟಿಕ್ ರಿಂಗ್ ಇರುವುದೇ ತಪ್ಪಲ್ಲ, ಒಳ್ಳೆಯ ವಾಚುಗಳಲ್ಲೂ ಇರುತ್ತದೆ. ಆದರೆ ಈ ಮಶೀನಿನ ಮೇಲೆ ತಯಾರಿಸಿದವರ ಹೆಸರಿಲ್ಲ, ನಂಬರಿಲ್ಲ, ದೇಶದ ಹೆಸರೂ ಇಲ್ಲ. ಡಯಲ್ ಮೇಲೆ ಮೂರು ಪುಟ್ಟ ಡಯಲ್‌ಗಳಿದ್ದವು. ಸೂಜಿಯ ತುದಿಯಿಂದ ಅದರ ಮುಳ್ಳನ್ನು ಮೆಲ್ಲಗೆ ಮುಟ್ಟಿದೆ. ಅಲುಗಲಿಲ್ಲ. ಅಂಟಿನಲ್ಲಿ ಅಂಟಿಸಿದ್ದಾರೆ. ಪಕ್ಕದಲ್ಲಿ ಎರಡು ಬಟನ್ ಇದೆ. ಒತ್ತಿದರೆ ಒಳಗೆ ಹೋಗುತ್ತದೆ, ಬರುತ್ತದೆ. ಒಳಗಡೆ ಯಾವುದಕ್ಕೂ ತಾಗುವುದಿಲ್ಲ.

"ಇದರಲ್ಲಿ ಓಟದ ಟೈಮ್ ಅಳೀಬಹುದು ಅಂದ್ರಲ್ಲಣ್ಣ" ಅಂತ ಅವರು ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಮೊದಲು ಈ "ಜಪಾನ್ ಮಶೀನು" ಅನ್ನುವ ಮಾತನ್ನೇ ನೋಡೋಣ. ಡಯಲ್‌ನ ಕೆಳಗಡೆ, 6ರ ಅಂಕಿಯ ಹತ್ತಿರ, ಇರುವೆ ಅಕ್ಷರದಲ್ಲಿ "ಜಪಾನ್ ಮೂವ್‌ಮೆಂಟ್" ಅಂತ ಬರೆದಿರುತ್ತಾರೆ. ಅದು ನಿಜವೇ ಆಗಿದ್ದರೂ ಅರ್ಥ ಇಷ್ಟೇ: ಒಳಗಿನ ಮಶೀನು ಜಪಾನ್ ಕಂಪನಿಯದು. ಕೇಸು, ಗಾಜು, ಚೈನು, ಜೋಡಣೆ ಎಲ್ಲ ಬೇರೆ ಎಲ್ಲಿಯದಾದರೂ ಆಗಿರಬಹುದು. ಟಿವಿಯಲ್ಲಿ ಅದನ್ನೇ "ಜಪಾನ್ ವಾಚ್" ಅಂತ ಕೂಗಿ ಹೇಳುತ್ತಾರೆ. ಇನ್ನು ಟೈಮ್ ಸರಿಯಾಗಿ ತೋರಿಸುತ್ತದೆ ಅನ್ನುವ ಹೊಗಳಿಕೆ. ಸೆಲ್ ಹಾಕುವ ಮಾಮೂಲಿ ವಾಚಿನೊಳಗೆ ಒಂದು ಸಣ್ಣ ಕ್ವಾರ್ಟ್ಜ್ ಹರಳು ಇರುತ್ತದೆ. ಅದು ಸೆಕೆಂಡಿಗೆ 32,768 ಸಲ ಅದುರುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಸಿಗುತ್ತದೆ. ಆ ಒಂದು ಅದುರೇ ಒಂದು ಸೆಕೆಂಡು. 1969ರ ಡಿಸೆಂಬರ್ 25ರಂದು ಸೈಕೋ ಕಂಪನಿ ಇಂಥ ಮೊದಲ ಕೈಗಡಿಯಾರ ಮಾರಾಟಕ್ಕಿಟ್ಟಾಗ ಅದರ ಬೆಲೆ 4,50,000 ಯೆನ್. ಆಗಿನ ಕಾಲಕ್ಕೆ ಒಂದು ಕಾರಿನ ದುಡ್ಡು. ಇವತ್ತು ಅದೇ ತಂತ್ರ ತೀರಾ ಅಗ್ಗದ ವಾಚಿನಲ್ಲೂ ಇದೆ. ಹಾಗಾಗಿ ಟೈಮ್ ಸರಿ ತೋರಿಸುವುದು ಈಗ ದೊಡ್ಡ ಗುಣವಲ್ಲ. ಅದಕ್ಕೆ ಸಾವಿರಾರು ರೂಪಾಯಿ ಜಾಸ್ತಿ ಕೊಡುವ ಅಗತ್ಯವೂ ಇಲ್ಲ.

"ಸ್ವಿಸ್ ಡಿಸೈನ್" ಅನ್ನುವುದೂ ಇದೇ ಜಾತಿ. "ಸ್ವಿಸ್ ಮೇಡ್" ಅಂತ ಬರೆಯಲು ಅಲ್ಲಿ ಕಾನೂನಿದೆ. 2017ರಿಂದ ವಾಚಿನ ತಯಾರಿಕೆ ಖರ್ಚಿನಲ್ಲಿ ನೂರಕ್ಕೆ ಕನಿಷ್ಠ 60 ಭಾಗ ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕು. "ಡಿಸೈನ್" ಅಂತ ಸೇರಿಸಿದರೆ ಮಾತು ಬೇರೆಯೇ ಆಯಿತು.

ಚಿನ್ನದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮವರು ಸೋಲುವುದು ಇಲ್ಲೇ. 22 ಕ್ಯಾರೆಟ್ ಅಂದ ತಕ್ಷಣ ಮನಸ್ಸು ಆಭರಣದ ಅಂಗಡಿಗೆ ಹೋಗುತ್ತದೆ. ಕ್ಯಾರೆಟ್ ಅಂದರೆ ಚಿನ್ನದ ಶುದ್ಧತೆ. ಎಷ್ಟು ಚಿನ್ನ ಇದೆ ಅನ್ನುವುದು ಅದರಲ್ಲಿ ಇಲ್ಲ. ಅದನ್ನು ಹೇಳುವುದು ಲೇಪನದ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ಒಂದು ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಹಳೆಯ ಒಳ್ಳೆಯ ವಾಚುಗಳ ಬೆನ್ನ ಮೇಲೆ 10 ಮೈಕ್ರಾನ್, 20 ಮೈಕ್ರಾನ್ ಅಂತ ಧೈರ್ಯವಾಗಿ ಕೊರೆದಿರುತ್ತಿದ್ದರು. ಟಿವಿಯಲ್ಲಿ ಮಾರುವವರ ಬಾಯಲ್ಲಿ ಮೈಕ್ರಾನ್ ಅನ್ನುವ ಪದ ನಾನಂತೂ ಕೇಳಿಲ್ಲ.

ಒಂದು ಲೆಕ್ಕ ಹಾಕೋಣ. ವಾಚಿನ ಕೇಸಿನ ಹೊರಮೈ ಸುಮಾರು 20 ಚದರ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಅದರ ಮೇಲೆ ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು ಚಿನ್ನ ಕೂರಿಸಿದರೆ ಬೇಕಾಗುವ ಚಿನ್ನ ಸುಮಾರು 4 ಮಿಲಿಗ್ರಾಂ. ಲೆಕ್ಕಕ್ಕೆ ಗ್ರಾಮಿಗೆ 10,000 ರೂಪಾಯಿ ಅಂತ ಹಿಡಿದರೆ 40 ರೂಪಾಯಿ. ಆ ಲೇಪನ ಬೆವರಿಗೆ, ಅಂಗಿಯ ತೋಳಿನ ಉಜ್ಜಾಟಕ್ಕೆ ಕೆಲವೇ ತಿಂಗಳಲ್ಲಿ ಸವೆದುಹೋಗುತ್ತದೆ. ಎಷ್ಟೋ ಸಲ ಅದರಲ್ಲಿ ಚಿನ್ನವೇ ಇರುವುದಿಲ್ಲ. ಟೈಟಾನಿಯಂ ನೈಟ್ರೈಡ್ ಅನ್ನುವ ಲೇಪನವೂ ಹಳದಿಯಾಗಿ ಚಿನ್ನದ ಹಾಗೇ ಹೊಳೆಯುತ್ತದೆ. ಅದು ಗಟ್ಟಿಯಾದ ಲೇಪನ, ಕೆಟ್ಟದ್ದಲ್ಲ. ಅದನ್ನು ಚಿನ್ನ ಅಂತ ಮಾರುವುದು ತಪ್ಪು.

ಇನ್ನೊಂದು ಮಾತು ಬೆನ್ನ ಮೇಲೇ ಇರುತ್ತದೆ: "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್". ಓದಿದವರು ವಾಚೆಲ್ಲ ಸ್ಟೀಲ್ ಅಂದುಕೊಳ್ಳುತ್ತಾರೆ. ಬರೆದಿರುವುದು ಬೆನ್ನಿನ ಮುಚ್ಚಳ ಮಾತ್ರ ಸ್ಟೀಲ್ ಅಂತ. ಕೇಸು ಹಿತ್ತಾಳೆಯದೋ ಸತುವಿನ ಮಿಶ್ರಲೋಹದ್ದೋ ಆಗಿರುತ್ತದೆ. ಲೇಪನ ಹೋದ ಮೇಲೆ ಮಣಿಕಟ್ಟಿನಲ್ಲಿ ಹಸಿರು ಕಲೆ, ನವೆ ಅಂತ ಎಷ್ಟೋ ಜನ ನನ್ನ ಹತ್ತಿರ ಬಂದಿದ್ದಾರೆ. ಲೇಪನದ ಕೆಳಗೆ ನಿಕ್ಕಲ್ ಇದ್ದರೆ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ.

ಟಿವಿಯಲ್ಲಿ ಮಾಡಿ ತೋರಿಸುವ ಪರೀಕ್ಷೆಗಳನ್ನು ಜನ ತುಂಬಾ ನಂಬುತ್ತಾರೆ. ಕಣ್ಣಾರೆ ಕಂಡದ್ದು ಅಲ್ವಾ! ಬೀಗದ ಕೈ ತೆಗೆದುಕೊಂಡು ಗಾಜಿನ ಮೇಲೆ ಗರಗರ ಉಜ್ಜುತ್ತಾರೆ. ಗೀರು ಬೀಳುವುದಿಲ್ಲ. "ಸಫೈರ್ ಕೋಟೆಡ್ ಗ್ಲಾಸ್" ಅನ್ನುತ್ತಾರೆ. ನಿಮ್ಮ ಮನೆಯ ಕಿಟಕಿ ಗಾಜಿನ ಮೇಲೂ ಅದೇ ಬೀಗದ ಕೈ ಉಜ್ಜಿ ನೋಡಿ, ಸಾಮಾನ್ಯವಾಗಿ ಗೀರು ಬೀಳುವುದಿಲ್ಲ. ಹಿತ್ತಾಳೆ, ಮಾಮೂಲಿ ಕಬ್ಬಿಣ ಗಾಜಿಗಿಂತ ಮೆತ್ತಗೆ. ವಾಚಿನ ಗಾಜಿಗೆ ಗೀರು ಹಾಕುವುದು ಮರಳು. ಗಡಸುತನದ ಮೋಸ್ ಅಳತೆಯಲ್ಲಿ ಮಾಮೂಲಿ ಗಾಜು ಸುಮಾರು ಐದೂವರೆ, ಮರಳಿನಲ್ಲಿರುವ ಕ್ವಾರ್ಟ್ಜ್ 7, ನಿಜವಾದ ಸಫೈರ್ 9. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲೂ ಅದೇ ಕ್ವಾರ್ಟ್ಜ್ ಇದೆ. ಕಟ್ಟೆ ಒರೆಸುವಾಗ ಒಂದು ಸಲ ತಗುಲಿದರೆ ಮುಗಿಯಿತು. ಬೀಗದ ಕೈ ಬದಲು ಒಂದು ಚೂರು ಮರಳುಕಾಗದ ಉಜ್ಜಿ ತೋರಿಸಿ ಅಂತ ಅವರನ್ನು ಕೇಳಬೇಕು.

ನೀರಿನ ಪರೀಕ್ಷೆಯೂ ಹಾಗೇ. ಗಾಜಿನ ಬಟ್ಟಲಲ್ಲಿ ವಾಚು ಮುಳುಗಿಸಿ, "ನೋಡಿ, ಇನ್ನೂ ನಡೀತಿದೆ" ಅನ್ನುತ್ತಾರೆ. ಬಟ್ಟಲಿನ ಆಳ ಒಂದು ಗೇಣೂ ಇರುವುದಿಲ್ಲ. ನೀರಿನ ಒತ್ತಡ ಒಂದು ಬಾರ್, ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು, ಜಾಸ್ತಿಯಾಗಬೇಕಾದರೆ 10 ಮೀಟರ್ ಆಳ ಬೇಕು. ಸರಿಯಾದ ವಾಷರ್ ಇರುವ ಯಾವ ವಾಚಾದರೂ ಆ ಬಟ್ಟಲಿನಲ್ಲಿ ಎರಡು ನಿಮಿಷ ತಾಳುತ್ತದೆ. "ವಾಟರ್‌ಪ್ರೂಫ್" ಅನ್ನುವ ಪದವನ್ನು ಗಡಿಯಾರದ ಅಂತರರಾಷ್ಟ್ರೀಯ ಮಾನದಂಡ ಒಪ್ಪುವುದೇ ಇಲ್ಲ. "ವಾಟರ್ ರೆಸಿಸ್ಟೆಂಟ್" ಅಂತ ಮಾತ್ರ ಹೇಳಬೇಕು. ಬೆನ್ನ ಮೇಲೆ 30 ಮೀಟರ್ ಅಂತಿದ್ದರೆ 30 ಮೀಟರ್ ಆಳಕ್ಕೆ ಧುಮುಕಬಹುದು ಅಂತಲ್ಲ. ಮಳೆ ಹನಿ, ಕೈ ತೊಳೆಯುವ ನೀರು ತಡೆಯುತ್ತದೆ, ಅಷ್ಟೇ. ನಮ್ಮ ಕಡೆ ಹಂಡೆಯ ಬಿಸಿನೀರಿನ ಸ್ನಾನ. ಬಿಸಿಗೆ ಮತ್ತು ಸೋಪಿಗೆ ರಬ್ಬರ್ ವಾಷರ್ ಬೇಗ ಹಾಳಾಗುತ್ತದೆ, ಹಬೆ ಒಳಗೆ ನುಗ್ಗುತ್ತದೆ. ಆಮೇಲೆ ಗಾಜಿನ ಒಳಗೆ ಮಂಜು ಕಟ್ಟಿದೆ ಅಂತ ಬರುತ್ತಾರೆ. ಗಾಜಿನ ಒಳಗೆ ತೇವ ಸೇರಿದೆಯಾ ಅಂತ ನೋಡಲು ಸುಲಭದ ಪರೀಕ್ಷೆಯೊಂದಿದೆ. ವಾಚನ್ನು 40 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಗಾಜಿನ ಮೇಲೆ ತಣ್ಣೀರಿನ ಒಂದು ಹನಿ ಇಟ್ಟು, ಒಂದು ನಿಮಿಷ ಬಿಟ್ಟು ಒರೆಸುವುದು. ಹನಿ ಇದ್ದ ಜಾಗದ ಒಳಗಡೆ ಮಂಜು ಕಂಡರೆ ತೇವ ಇದೆ ಅಂತ.

ಇದೆಲ್ಲ ಹಣದ ನಷ್ಟ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಹೋದ ವರ್ಷ ಪಕ್ಕದ ಬೀದಿಯ ಹಿರಿಯರೊಬ್ಬರು ಒಂದು ಸ್ಮಾರ್ಟ್ ವಾಚ್ ತಂದರು, ಬೆಲ್ಟ್ ಕಿತ್ತುಹೋಗಿತ್ತು. ಬಿ.ಪಿ., ಶುಗರ್ ಎಲ್ಲ ತೋರಿಸುತ್ತದೆ ಅಂತ ಟಿವಿ ನೋಡಿ ತರಿಸಿದ್ದು. "ಬೆರಳು ಚುಚ್ಚೋದು ಬಿಟ್ಟೆ ಕಣಪ್ಪ, ಇದರಲ್ಲೇ ನೋಡ್ಕೋತೀನಿ" ಅಂದರು. ನನಗೆ ಎದೆ ಧಸಕ್ ಅಂದಿತು. ಅವರೆದುರಿಗೇ ಒಂದು ಟವೆಲ್ಲನ್ನು ಸುರುಳಿ ಸುತ್ತಿ ಅದಕ್ಕೆ ವಾಚನ್ನು ಕಟ್ಟಿದೆ. ಬಟನ್ ಒತ್ತಿ ಕಾದೆವು. ಟವೆಲ್ಲಿನ ನಾಡಿಬಡಿತ 76 ಅಂತ ಬಂತು. ಬಿ.ಪಿ. 118, 79. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ.

ಆ ವಾಚು ಹಸಿರು ಬೆಳಕು ಬಿಟ್ಟು, ವಾಪಸ್ ಬರುವ ಬೆಳಕಿನ ಏರಿಳಿತದಿಂದ ಅಂದಾಜು ಮಾಡುವ ಜಾತಿಯದು. ಒಳ್ಳೆಯ ಕಂಪನಿಯ ವಾಚುಗಳಲ್ಲಿ ನಾಡಿಬಡಿತ ತಕ್ಕಮಟ್ಟಿಗೆ ಸರಿಯಾಗೇ ಬರುತ್ತದೆ. ಆದರೆ ಸೂಜಿ ಚುಚ್ಚದೆ ಶುಗರ್ ಅಳೆಯುವ ಯಾವ ವಾಚಿಗೂ, ಯಾವ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಅದನ್ನು ನಂಬಿ ಇನ್ಸುಲಿನ್ ಜಾಸ್ತಿ ಕಡಿಮೆ ಮಾಡಿದರೆ ಜೀವಕ್ಕೇ ಅಪಾಯ ಅಂತಲೂ ಹೇಳಿತು. ತೋಳಿಗೆ ಸೆನ್ಸರ್ ಅಂಟಿಸಿಕೊಂಡವರು ವಾಚಿನಲ್ಲಿ ಶುಗರ್ ನೋಡುತ್ತಾರಲ್ಲ, ಅಲ್ಲಿ ಅಳೆಯುವುದು ಚರ್ಮದೊಳಗಿರುವ ಸೆನ್ಸರ್. ವಾಚು ಬರೀ ತೋರಿಸುತ್ತದೆ. ದಯವಿಟ್ಟು ನಿಮ್ಮ ಮನೆಯ ಹಿರಿಯರ ಕೈಯಲ್ಲಿ ಇಂಥದ್ದಿದ್ದರೆ ಇವತ್ತೇ ಅವರ ಜೊತೆ ಕೂತು ಮಾತಾಡಿ.

ಬೆಲೆಯ ಮಾತಿಗೆ ಬರುತ್ತೇನೆ. ಆ ತಾಯಿಯ ಡಬ್ಬಿಯ ಮೇಲೆ ಎಂಆರ್‌ಪಿ 7,999 ಅಂತಿತ್ತು. ಅವರಿಗೆ ಸಿಕ್ಕಿದ್ದು 1,499ಕ್ಕೆ. "ಆರೂವರೆ ಸಾವಿರ ಉಳೀತು ಅಂದ್ಕೊಂಡೆ" ಅಂದರು. ವಾಚಿಗೆ ಎಂಆರ್‌ಪಿ ಎಷ್ಟಿರಬೇಕು ಅಂತ ಸರ್ಕಾರ ಗೊತ್ತು ಮಾಡುವುದಿಲ್ಲ. ತಯಾರಿಸಿದವರೋ ಆಮದು ಮಾಡಿಕೊಂಡವರೋ ತಾವೇ ಹಾಕಿಕೊಳ್ಳುತ್ತಾರೆ. ಅದಕ್ಕಿಂತ ಜಾಸ್ತಿಗೆ ಮಾರಬಾರದು ಅನ್ನುವುದಷ್ಟೇ ಕಾನೂನು. ಹಾಗಾಗಿ 7,999 ಅನ್ನುವುದು ಯಾರೂ ಯಾವತ್ತೂ ಕೊಡದ ಬೆಲೆಯಾಗಿರಬಹುದು. ಅದೇ ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಿಂಗಳು ವರ್ಷ, ಗ್ರಾಹಕರ ದೂರಿಗೆ ಫೋನ್ ನಂಬರ್, ಹೊರಗಿನ ಮಾಲಾದರೆ ಯಾವ ದೇಶದ್ದು ಅನ್ನುವುದು ಇರಲೇಬೇಕು. 2011ರ ಪೊಟ್ಟಣ ಸರಕುಗಳ ನಿಯಮ ಹಾಗೆ ಹೇಳುತ್ತದೆ. ಈ ಡಬ್ಬಿಯ ಮೇಲೆ ಎಂಆರ್‌ಪಿ ಬಿಟ್ಟರೆ ಬರೀ ಒಂದು ಬಾರ್‌ಕೋಡ್.

"ಇನ್ನು 50 ಪೀಸ್ ಮಾತ್ರ, ಹತ್ತೇ ನಿಮಿಷ" ಅನ್ನುವ ಗಡಿಬಿಡಿಯನ್ನು ನಾನು ಪರೀಕ್ಷೆ ಮಾಡಿದ್ದೇನೆ. ಮೂರು ರಾತ್ರಿ ಅದೇ ಕಾರ್ಯಕ್ರಮ ನೋಡಿದೆ. ಅದೇ ಸೀರೆ, ಅದೇ ನಗು, ಮೂರು ರಾತ್ರಿಯೂ ಉಳಿದಿದ್ದು ಅದೇ 50 ಪೀಸ್. ರೆಕಾರ್ಡ್ ಮಾಡಿಟ್ಟದ್ದು. ದನಿ ಕನ್ನಡದಲ್ಲಿ ಡಬ್ ಆಗಿತ್ತು. ಕೆಳಗಡೆ ಓಡುವ ಷರತ್ತುಗಳು ಇಂಗ್ಲಿಷಿನಲ್ಲಿ, ಓದಲು ಆಗದಷ್ಟು ಸಣ್ಣಗೆ. 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಇದಕ್ಕೆ ನೇರವಾಗಿ ಅಡ್ಡ ನಿಲ್ಲುತ್ತದೆ. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಕಣ್ಣಿಗೆ ಸರಿಯಾಗಿ ಕಾಣುವ ಹಾಗಿರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಆದರೆ ದೂರು ಕೊಡುವವರು ಎಷ್ಟು ಜನ? ನನ್ನ ಅಂಗಡಿಗೆ ಬರುವವರು ತಮ್ಮನ್ನೇ ಬೈದುಕೊಳ್ಳುತ್ತಾರೆ. "ನಮ್ದೇ ತಪ್ಪು ಬಿಡಿ, ಮನೇಲಿ ಹೇಳ್ಬೇಡಿ" ಅನ್ನುತ್ತಾರೆ. ಈ ನಾಚಿಕೆ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಪ್ಪು ನಂಬಿದವರದಲ್ಲ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ಕಂಪನಿ ದಿಲ್ಲಿಯಲ್ಲಿರಲಿ ಮುಂಬೈಯಲ್ಲಿರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಫೀಸೂ ಇಲ್ಲ. ಡಬ್ಬಿ, ಬಿಲ್ಲು, ಪಾರ್ಸೆಲ್ ಮೇಲಿನ ಚೀಟಿ ಬಿಸಾಡಬೇಡಿ. ಪಾರ್ಸೆಲ್ ಒಡೆಯುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಟಿವಿಯಲ್ಲಿ ಅದೇ ಜಾಹೀರಾತು ಮತ್ತೆ ಬಂದೇ ಬರುತ್ತದೆ, ಅದನ್ನೂ ವಿಡಿಯೊ ಮಾಡಿಟ್ಟುಕೊಳ್ಳಿ.

ಆ ತಾಯಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ವಾಚನ್ನೇ ನೋಡುತ್ತಾ ನಿಂತರು. "ಹುಡುಗನಿಗೆ ಏನಂತ ಹೇಳಲಿ?" ಅಂದರು. ಹೊಸ ಸೆಲ್ ಹಾಕಿದೆ. ಮುಳ್ಳು ನಡೆಯಲು ಶುರುವಾಯಿತು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ನನ್ನ ಮೊಬೈಲಿನಲ್ಲಿ ಡಬ್ಬಿಯ ಆರೂ ಮಗ್ಗುಲಿನ ಫೋಟೊ, ಅಂಟಿಸಿದ ಮುಳ್ಳುಗಳ ಫೋಟೊ ತೆಗೆದು ಅವರ ಮಗಳ ನಂಬರಿಗೆ ಕಳಿಸಿದೆ.

ಮಾರನೇ ದಿನ ಬೆಳಗ್ಗೆ ತಾಯಿ, ಮಗಳು ಇಬ್ಬರೂ ಬಂದರು. ನನ್ನ ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು 1915ಕ್ಕೆ ಫೋನ್ ಮಾಡಿದರು. ಮಗಳು ದೂರಿನ ನಂಬರ್ ಹೇಳುತ್ತಾ ಹೋದಳು. ತಾಯಿ ಕನ್ನಡಕ ಹಾಕಿಕೊಂಡು, ನಿಶ್ಚಿತಾರ್ಥದ ಆಹ್ವಾನ ಪತ್ರಿಕೆಯ ಹಿಂದೆ ಒಂದೊಂದೇ ಅಂಕಿ ಬರೆದುಕೊಂಡರು.